ವಿಂಡ್‌ಫಾಯಿಲ್ ಕೊಳ್ಳುವ ಮುಂಚೆ ನೀರಿನ ಆಳ ನೋಡಿ

ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಓಡುವ ವಿಂಡ್‌ಸರ್ಫಿಂಗ್ ಅಷ್ಟಿಷ್ಟು ಕಲಿತವರು ಫಾಯಿಲ್ ಕಡೆ ತಿರುಗಿದಾಗ ಕೇಳುವ ಮೊದಲ ಪ್ರಶ್ನೆ, ‘ಯಾವ ಬೋರ್ಡ್ ತಗೊಳ್ಳಲಿ?’ ಅಂಗಡಿಯವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಬೋರ್ಡ್ ದೊಡ್ಡದು, ಬಣ್ಣಬಣ್ಣದ್ದು, ಬೆಲೆಯೂ ಜಾಸ್ತಿ. ಆದರೆ ಈ ಪ್ರಶ್ನೆಯ ಸರದಿ ಮೂರನೆಯದೋ ನಾಲ್ಕನೆಯದೋ ಆಗಬೇಕು. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ: ನಾನು ಭಾನುವಾರ ಇಳಿಯುವ ನೀರು ಎಲ್ಲಿದೆ? ಎಷ್ಟು ಆಳ ಇದೆ? ಅಲ್ಲಿ ಗಾಳಿ ಯಾವಾಗ ಬರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಫಾಯಿಲ್‌ನ ಉದ್ದ, ರೆಕ್ಕೆಯ ಅಳತೆ, ಬೋರ್ಡ್, ಹಾಯಿ ಎಲ್ಲ ಒಂದರ ಹಿಂದೆ ಒಂದು ತೀರ್ಮಾನವಾಗುತ್ತವೆ.

ವಿಂಡ್‌ಫಾಯಿಲ್ ಅಂದರೆ ಏನು ಅನ್ನುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾಮೂಲಿ ವಿಂಡ್‌ಸರ್ಫ್ ಬೋರ್ಡಿನ ಹಿಂಭಾಗದಲ್ಲಿ, ಕೆಳಗೆ, ಮೀನಿನ ಈಜುರೆಕ್ಕೆಯಂಥ ಒಂದು ಫಿನ್ ಇರುತ್ತದೆ. ಅದನ್ನು ತೆಗೆದು ಆ ಜಾಗದಲ್ಲಿ ಉದ್ದನೆಯ ಕಂಬವೊಂದನ್ನು ಕೂರಿಸುತ್ತಾರೆ. ಕಂಬದ ತುದಿಯಲ್ಲಿ ಅಡ್ಡಕ್ಕೆ ಒಂದು ಕೊಳವೆಯಂಥ ತುಂಡು, ಅದಕ್ಕೆ ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಣ್ಣ ರೆಕ್ಕೆ. ಈ ಕಂಬಕ್ಕೂ ಮಾಸ್ಟ್ ಅಂತಾರೆ, ಹಾಯಿ ಕಟ್ಟುವ ಕೋಲಿಗೂ ಮಾಸ್ಟ್ ಅಂತಾರೆ. ಗೊಂದಲ ಬೇಡ ಅಂತ ಇಲ್ಲಿ ಫಾಯಿಲ್‌ನದನ್ನು ಕಂಬ ಅಂತಲೇ ಕರೆಯುತ್ತೇನೆ. ಗಾಳಿ ಹಾಯಿಯನ್ನು ತಳ್ಳಿ ಬೋರ್ಡ್ ಒಂದಿಷ್ಟು ವೇಗ ಪಡೆದಾಗ ನೀರೊಳಗಿನ ಮುಂದಿನ ರೆಕ್ಕೆ ಇಡೀ ಬೋರ್ಡನ್ನು, ಮೇಲೆ ನಿಂತ ನಿಮ್ಮನ್ನೂ ಸೇರಿಸಿ, ನೀರಿನಿಂದ ಎತ್ತುತ್ತದೆ. ವಿಮಾನದ ರೆಕ್ಕೆ ಮಾಡುವ ಕೆಲಸವೇ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಹಾಗಾಗಿ ಒಂದೆರಡು ಮೊಳ ಉದ್ದದ ರೆಕ್ಕೆಗಳೇ ಸಾಕಾಗುತ್ತವೆ.

ಒಲಿಂಪಿಕ್ಸ್‌ನಲ್ಲಿ 2008ರ ಬೀಜಿಂಗ್‌ನಿಂದ ಟೋಕಿಯೊವರೆಗೆ ಫಿನ್ ಇರುವ ಆರ್‌ಎಸ್:ಎಕ್ಸ್ ಬೋರ್ಡ್ ಇತ್ತು. 2024ರ ಪ್ಯಾರಿಸ್ ಕೂಟಕ್ಕೆ ಅದನ್ನು ತೆಗೆದು ಐಕ್ಯೂಫಾಯಿಲ್ ತಂದರು. ಮಾರ್ಸೆಯ ಸಮುದ್ರದಲ್ಲಿ ನಡೆದ ಆ ರೇಸ್‌ಗಳಲ್ಲಿ ಗಂಡಸರಲ್ಲಿ ಇಸ್ರೇಲಿನ ಟಾಮ್ ರೂವೆನಿ, ಹೆಂಗಸರಲ್ಲಿ ಇಟಲಿಯ ಮಾರ್ಟಾ ಮಜೆಟ್ಟಿ ಗೆದ್ದರು. ನಮ್ಮ ದೇಶದ ಇಬಾದ್ ಅಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದದ್ದು ಹಳೆಯ ಆರ್‌ಎಸ್:ಎಕ್ಸ್‌ನಲ್ಲಿ. ಈ ರೇಸ್‌ಗಳ ವಿಡಿಯೊ ನೋಡಿ ಆಸೆ ಹುಟ್ಟಿದವರು ಅದೇ ಸೆಟ್ ಹುಡುಕುತ್ತಾರೆ: 95 ಸೆಂ.ಮೀ. ಕಂಬ, 900 ಚದರ ಸೆಂ.ಮೀ. ಮುಂದಿನ ರೆಕ್ಕೆ, ಗಂಡಸರಿಗೆ 9 ಚದರ ಮೀಟರ್ ಹಾಯಿ. ದಯವಿಟ್ಟು ಬೇಡ. ಅದು ದಿನವಿಡೀ ಅಭ್ಯಾಸ ಮಾಡುವವರ ಸಾಮಾನು. ಯಾಕೆ ಬೇಡ ಅನ್ನುವುದು ಕೆಳಗಿನ ಲೆಕ್ಕದಲ್ಲಿದೆ.

ವೇಗ ಎರಡು ಪಟ್ಟಾದರೆ ಎತ್ತುವ ಬಲ ನಾಲ್ಕು ಪಟ್ಟು

ಫಾಯಿಲ್‌ನ ಗುಟ್ಟೆಲ್ಲ ಇಷ್ಟೇ. ರೆಕ್ಕೆ ಎತ್ತುವ ಬಲ ಅದರ ವಿಸ್ತೀರ್ಣದ ಜೊತೆ ಹೆಚ್ಚುತ್ತದೆ, ವೇಗದ ವರ್ಗದ ಜೊತೆಗೂ ಹೆಚ್ಚುತ್ತದೆ. 75 ಕೆ.ಜಿ. ತೂಕದ ಮನುಷ್ಯ, ಸಾಮಾನೆಲ್ಲ ಸೇರಿ 20 ಕೆ.ಜಿ. ಅಂತ ಇಟ್ಟುಕೊಳ್ಳಿ. ಇಷ್ಟನ್ನು ಎತ್ತಲು 1500 ಚದರ ಸೆಂ.ಮೀ. ರೆಕ್ಕೆಗೆ ಗಂಟೆಗೆ ಸುಮಾರು 15 ಕಿ.ಮೀ. ವೇಗ ಸಾಕು. ಒಲಿಂಪಿಕ್ಸ್‌ನ 900ರ ರೆಕ್ಕೆಗೆ ಸುಮಾರು 19 ಕಿ.ಮೀ. ಬೇಕು. ನಾಲ್ಕು ಕಿಲೋಮೀಟರ್ ವ್ಯತ್ಯಾಸ ತಾನೇ ಅನ್ನಿಸಬಹುದು. ಆದರೆ ಬೋರ್ಡ್ ಇನ್ನೂ ನೀರಿಗೆ ಅಂಟಿಕೊಂಡಿರುವಾಗ ಆ ನಾಲ್ಕು ಕಿಲೋಮೀಟರ್ ಗಳಿಸುವುದೇ ಕಷ್ಟ. ಅದಕ್ಕೆ ದೊಡ್ಡ ಹಾಯಿಯೋ, ಜಾಸ್ತಿ ಗಾಳಿಯೋ, ಇಲ್ಲ ಹಾಯಿ ಬೀಸಿ ಬೀಸಿ ಎಬ್ಬಿಸುವ ಕೈಚಳಕವೋ ಬೇಕು.

ಇದೇ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಎದ್ದ ಮೇಲೆ ಬೋರ್ಡಿಗೆ ನೀರಿನ ಎಳೆತ ತಪ್ಪುತ್ತದೆ, ವೇಗ ಒಮ್ಮೆಲೇ ಏರುತ್ತದೆ, ಬಲ ಅದಕ್ಕಿಂತ ಬೇಗ ಏರುತ್ತದೆ. ಆಗ ಮುಂದಿನ ಕಾಲಿಗೆ ಭಾರ ಹಾಕಿ ಬೋರ್ಡಿನ ಮೂತಿ ಕೆಳಗೆ ಒತ್ತದಿದ್ದರೆ ರೆಕ್ಕೆ ನೀರಿನಿಂದ ಹೊರಗೇ ಬಂದುಬಿಡುತ್ತದೆ. ಹೊರಗೆ ಬಂದ ಕ್ಷಣ ಎತ್ತುವ ಬಲ ಸೊನ್ನೆ. ಬೋರ್ಡ್ ಧೊಪ್ಪನೆ ಬೀಳುತ್ತದೆ, ನೀವು ಮುಂದಕ್ಕೆ ಹಾರುತ್ತೀರಿ. ಕಲಿಯುವಾಗಿನ ಬೀಳಾಟದಲ್ಲಿ ಬಹುಪಾಲು ಇದೇ. ಹಾಗಾಗಿ ಹೊಸಬರಿಗೆ ಬೇಕಾದ್ದು ನಿಧಾನ ವೇಗದಲ್ಲಿ ಎದ್ದು ನಿಧಾನವಾಗಿಯೇ ಹೋಗುವ ರೆಕ್ಕೆ.

ಆಳ ಎಷ್ಟು ಬೇಕು?

ಈಗ ನೀರಿಗೆ ಬರೋಣ. 85 ಸೆಂ.ಮೀ. ಕಂಬದ ಫಾಯಿಲ್ ಬೋರ್ಡ್ ನೀರಿನ ಮೇಲೆ ತೇಲುತ್ತಿರುವಾಗ ಕೆಳಗೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿದಿರುತ್ತದೆ. ಅಲೆಗೆ ಬೋರ್ಡ್ ಓಲಾಡುತ್ತದೆ, ನೀವು ಬೀಳುತ್ತೀರಿ, ತಳದಲ್ಲಿ ಕಲ್ಲಿರಬಹುದು. ಅದಕ್ಕಾಗಿ ಇನ್ನರ್ಧ ಮೀಟರ್ ಸೇರಿಸಿ. ಒಟ್ಟು ಒಂದೂವರೆ ಮೀಟರ್. ಸಾಧಾರಣ ಎತ್ತರದವರಿಗೆ ಭುಜ ಮುಳುಗುವಷ್ಟು ನೀರು. ಓಟದ ದಾರಿಯುದ್ದಕ್ಕೂ ಇಷ್ಟಿರಬೇಕು, ದಡದಿಂದ ಹತ್ತು ಹೆಜ್ಜೆ ಹೋದಲ್ಲಿ ಮಾತ್ರ ಇದ್ದರೆ ಸಾಲದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ರೆಕ್ಕೆ ಮರಳ ದಿಬ್ಬಕ್ಕೆ ತಾಗಿದರೆ ಫಾಯಿಲ್ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ದೊಡ್ಡ ಗಾಳಿಪಟ ಎಳೆಯುವ ಹಲಗೆಯ ಮೇಲೆ ಓಡುವ ಕೈಟ್ ಸರ್ಫಿಂಗ್‌ಗೆ ಹೆಸರಾದ ಜಾಗಗಳು ಇದೇ ಕಾರಣಕ್ಕೆ ಮೋಸ ಮಾಡುತ್ತವೆ. ರಾಮೇಶ್ವರವನ್ನೇ ತಗೊಳ್ಳಿ. ಬೇಸಿಗೆಯಿಂದ ಮುಂಗಾರಿನ ಕೊನೆಯವರೆಗೆ ನೈಋತ್ಯದ ಗಾಳಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ವರ್ಷದಲ್ಲಿ ಎರಡು ಸೀಸನ್ ಇರುವ ಊರು. ಆದರೆ ಕೈಟ್ ಕಲಿಸುವವರಿಗೆ ಇಷ್ಟವಾಗುವುದು ಅಲ್ಲಿನ ಸೊಂಟದಾಳದ ಹಿನ್ನೀರು: ಬಿದ್ದರೆ ಎದ್ದು ನಿಲ್ಲಬಹುದು. ಫಾಯಿಲ್‌ಗೆ ಆ ಸೊಂಟದಾಳವೇ ಶತ್ರು. ಶ್ರೀಲಂಕಾದ ಕಲ್ಪಿಟಿಯ ಹಿನ್ನೀರಿಗೂ ಹೋಗುವ ಮುಂಚೆ ಇದೇ ಪ್ರಶ್ನೆ ಕೇಳಿ. ಅಲ್ಲಿ ಫಾಯಿಲ್ ಮಾಡಬಾರದು ಅಂತಲ್ಲ, ಆಳವಿರುವ ಭಾಗ ಯಾವುದು ಅಂತ ಊರಿನವರನ್ನು ಕೇಳದೆ ಇಳಿಯಬಾರದು.

ಕರ್ನಾಟಕದ ಕರಾವಳಿಗೆ ಬನ್ನಿ. ನೇರ ಸಮುದ್ರಕ್ಕೆ ತೆರೆದ ಬೀಚ್‌ಗಳಲ್ಲಿ ತೊಂದರೆ ಆಳದ್ದಲ್ಲ, ತೆರೆಯದ್ದು. ಫಾಯಿಲ್‌ಗೆ ಎದೆಮಟ್ಟದ ನೀರು ಸಿಗುವವರೆಗೆ ಬೋರ್ಡನ್ನು ಓರೆಯಾಗಿ ಹಿಡಿದು ನಡೆಯಬೇಕು. ಸರಿಯಾಗಿ ಅಷ್ಟೇ ಆಳದಲ್ಲಿ ಅಲೆ ಒಡೆಯುತ್ತಿರುತ್ತದೆ. ಒಡೆಯುವ ಅಲೆ, ಕೈಯಲ್ಲಿ ಅಲಗಿನಂಥ ರೆಕ್ಕೆ, ಇನ್ನೊಂದು ಕೈಯಲ್ಲಿ ಹಾಯಿ. ಬೇಡವೇ ಬೇಡ. ಮಂಗಳೂರು ಹತ್ತಿರದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳು ನಡೆದಿವೆ. ಸರ್ಫಿಂಗ್‌ಗೆ ಒಳ್ಳೆಯ ತೆರೆ ಇರುವ ಕಡೆ ಫಾಯಿಲ್ ಕಲಿಯಲು ಹೋಗಬೇಡಿ ಅಂತಲೇ ಇದರರ್ಥ.

ಹಾಗಾದರೆ ಎಲ್ಲಿ? ನದಿ ಕಡಲು ಸೇರುವ ಅಳಿವೆಯ ಒಳಗಿನ ನೀರು. ನಮ್ಮ ಕರಾವಳಿಯಲ್ಲಿ ಇದಕ್ಕೆ ಕೊರತೆಯೇ ಇಲ್ಲ. ಸಸಿಹಿತ್ಲು ಪಕ್ಕದ ಶಾಂಭವಿ, ನಂದಿನಿ, ಕೋಡಿ ಬೆಂಗ್ರೆಯ ಹತ್ತಿರ ಸೀತಾ, ಸ್ವರ್ಣಾ, ಗಂಗೊಳ್ಳಿಯಲ್ಲಿ ಐದು ನದಿ ಸೇರುವ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ. ಮರಳಿನ ಪಟ್ಟಿಯೊಂದು ಅಡ್ಡ ನಿಂತು ತೆರೆಯನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಚಪ್ಪಟೆ ನೀರು, ಸಮುದ್ರದ ಗಾಳಿ, ಎರಡೂ ಒಂದೇ ಕಡೆ. ಆದರೆ ಅಳಿವೆಯೊಳಗೆ ಆಳ ಒಂದೇ ಸಮ ಇರುವುದಿಲ್ಲ. ಕುದ್ರುಗಳ, ಅಂದರೆ ನದಿಯ ನಡುಗಡ್ಡೆಗಳ, ಸುತ್ತ ಮರಳು ಪ್ರತಿ ಮಳೆಗಾಲವೂ ಜಾಗ ಬದಲಿಸುತ್ತದೆ. ಉಬ್ಬರ ಇಳಿತಕ್ಕೆ ನೀರು ಒಂದರಿಂದ ಎರಡು ಮೀಟರ್ ಏರಿ ಇಳಿಯುತ್ತದೆ, ಅಂದರೆ ಬೆಳಿಗ್ಗೆ ಭುಜದಷ್ಟಿದ್ದ ಜಾಗ ಮಧ್ಯಾಹ್ನ ಮೊಣಕಾಲಿಗೆ ಬಂದಿರಬಹುದು.

ಹೊಸ ಜಾಗ ನೋಡಲು ಹೋಗುವಾಗ ಬೋರ್ಡ್ ಒಯ್ಯಬೇಡಿ. ಇಳಿತದ ಹೊತ್ತಿಗೆ ಬರಿಗೈಯಲ್ಲಿ ಹೋಗಿ ದಡದಲ್ಲಿ ನಿಂತು ನೋಡಿ. ಅಘನಾಶಿನಿಯಲ್ಲಿ ಇಳಿತದ ವೇಳೆ ಹೆಂಗಸರು ಗಂಡಸರು ಬುಟ್ಟಿ ಹಿಡಿದು ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿರುತ್ತಾರೆ. ನದಿಯ ನಡುವೆ ಮನುಷ್ಯರು ಸೊಂಟದವರೆಗಿನ ನೀರಲ್ಲಿ ಬಗ್ಗಿ ನಿಂತು ಕೆಲಸ ಮಾಡುತ್ತಿದ್ದರೆ ಅದಕ್ಕಿಂತ ಒಳ್ಳೆಯ ನಕ್ಷೆ ನಿಮಗೆ ಬೇಕಿಲ್ಲ: ಅಲ್ಲಿ ಫಾಯಿಲ್ ನಡೆಯುವುದಿಲ್ಲ. ಚಿಪ್ಪುಗಳು ಕಾಲು ಕೊಯ್ಯುತ್ತವೆ ಅನ್ನುವುದು ಬೇರೆ. ಮೀನುಗಾರಿಕೆಯ ದೊಡ್ಡ ದೋಣಿಗಳು ಯಾವ ಸಾಲಿನಲ್ಲಿ ಓಡಾಡುತ್ತವೆ ನೋಡಿ, ಆಳ ಅಲ್ಲಿದೆ. ಆದರೆ ಅದು ಅವರ ದಾರಿ, ನಿಮ್ಮದಲ್ಲ. ಅದರ ಅಂಚಿನಲ್ಲಿ ಜಾಗ ಸಿಗುತ್ತದಾ ಅಂತ ನೋಡಬೇಕು. ನೀರಿನಲ್ಲಿ ನೆಟ್ಟ ಗೂಟಗಳು ಕಂಡರೆ ಬಲೆ ಇದೆ ಅಂತ ಲೆಕ್ಕ. ಬಲೆಗೆ ಫಾಯಿಲ್ ಸಿಕ್ಕಿದರೆ ನಿಮಗೆ ಪೆಟ್ಟು, ಅವರಿಗೆ ನಷ್ಟ. ಕೊನೆಗೆ ಅಲ್ಲಿನ ದೋಣಿಯವರನ್ನು ಮಾತಾಡಿಸಿ. ಬಿದಿರ ಗಳದಲ್ಲಿ ದೋಣಿ ನೂಕುವವರಿಗೆ ಯಾವ ದಿಬ್ಬ ಈ ವರ್ಷ ಎಲ್ಲಿಗೆ ಬಂದಿದೆ ಅನ್ನುವುದು ಬಾಯಿಪಾಠ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಳಿವೆ ಬಾಗಿಲಿನ ಹತ್ತಿರ ಹೋಗಬೇಡಿ. ಇಳಿತದಲ್ಲಿ ನದಿಯ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತದೆ, ಎದುರಿನಿಂದ ಸಮುದ್ರದ ತೆರೆ ಬಂದು ಅದಕ್ಕೆ ಬಡಿಯುತ್ತದೆ. ಅನುಭವಿ ಮೀನುಗಾರರ ದೋಣಿಗಳೇ ಮಗುಚುವ ಜಾಗ ಅದು. ಗಾಳಿ ನಿಂತರೆ ಫಾಯಿಲ್ ಬೋರ್ಡ್ ಬರೀ ತೇಲುವ ಹಲಗೆ, ಸೆಳವು ಎಳೆದತ್ತ ಹೋಗುತ್ತದೆ. ಇನ್ನು ಕಾರವಾರದಲ್ಲಿ ನೌಕಾನೆಲೆಯ ನಿರ್ಬಂಧಿತ ನೀರು ಇದೆ. ಎಲ್ಲಿಯವರೆಗೆ ಹೋಗಬಹುದು ಅಂತ ಮೊದಲೇ ತಿಳಿದುಕೊಳ್ಳಿ.

ಗಾಳಿ ಬರುವ ಹೊತ್ತು

ಫಾಯಿಲ್‌ನ ದೊಡ್ಡ ಲಾಭ, ಕಡಿಮೆ ಗಾಳಿಯಲ್ಲೂ ಆಗುತ್ತದೆ ಅನ್ನುವುದು. ಫಿನ್ ಬೋರ್ಡ್ ಚೆನ್ನಾಗಿ ಓಡಲು 15 ನಾಟ್ ಬೇಕಾದ ಕಡೆ ದೊಡ್ಡ ರೆಕ್ಕೆಯ ಫಾಯಿಲ್ 10–12 ನಾಟ್‌ಗೆ ಏಳುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಾಣಲು ಶುರುವಾದರೆ ಸರಿಸುಮಾರು 10 ನಾಟ್ ಬಂದಿದೆ ಅಂತ ಅಂದಾಜು. ನಮ್ಮ ಕರಾವಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಫೆಬ್ರವರಿಯಿಂದ ಮೇ ನಡುವೆ ನೆಲ ಕಾದು ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಶುರುವಾಗುತ್ತದೆ, ಮೂರು ನಾಲ್ಕು ಗಂಟೆಗೆ ಜೋರಾಗುತ್ತದೆ, ಹೊತ್ತು ಮುಳುಗುವಾಗ ಸಾಯುತ್ತದೆ. ಒಳ್ಳೆಯ ದಿನ 10ರಿಂದ 14 ನಾಟ್. ಪಶ್ಚಿಮ, ವಾಯುವ್ಯದಿಂದ ಬರುವುದರಿಂದ ಬಿದ್ದರೂ ನಿಮ್ಮನ್ನು ದಡದ ಕಡೆಗೇ ತಳ್ಳುತ್ತದೆ. ಬೆಳಗಿನ ಜಾವ ಬೀಸುವ ಗಾಳಿ ಇದಕ್ಕೆ ಉಲ್ಟಾ, ನೆಲದಿಂದ ಸಮುದ್ರಕ್ಕೆ. ಎಷ್ಟು ಹಿತವಾಗಿದ್ದರೂ ಆ ಗಾಳಿಗೆ ಇಳಿಯಬೇಡಿ.

ಗಾಳಿಯ ಮುನ್ಸೂಚನೆಗೆ ವಿಂಡಿ, ವಿಂಡ್‌ಗುರು ಆ್ಯಪ್‌ಗಳನ್ನು ನೋಡಿ, ಆದರೆ ಅವು ಬಳಸುವ ಜಾಗತಿಕ ಹವಾಮಾನ ಮಾದರಿಗಳು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ ಅನ್ನುವುದು ನೆನಪಿರಲಿ. ಅಮೆರಿಕದ ಜಿಎಫ್‌ಎಸ್ ಮಾದರಿಯ ಒಂದು ಚೌಕ ಸುಮಾರು 13 ಕಿ.ಮೀ., ಯುರೋಪಿನದ್ದು 9 ಕಿ.ಮೀ. ಅಷ್ಟರಲ್ಲಿ ಒಂದು ಇಡೀ ಅಳಿವೆ, ಎರಡು ಗುಡ್ಡ, ನಾಲ್ಕು ತೋಟ ಮುಗಿದುಹೋಗುತ್ತವೆ. ದಡದ ತೆಂಗಿನ ತೋಟವಂತೂ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ. ಗಾಳಿ ಬರುವ ಕಡೆಯ ದಡದಲ್ಲಿ 15 ಮೀಟರ್ ಎತ್ತರದ ಮರಗಳಿದ್ದರೆ ಅದರ ಹತ್ತು ಪಟ್ಟು, ಅಂದರೆ ನೂರೈವತ್ತು ಮೀಟರ್ ದೂರದವರೆಗೂ ಗಾಳಿ ಕದಡಿ ಹೋಗಿರುತ್ತದೆ. ಕಿರಿದಾದ ನದಿಯಲ್ಲಿ ಅಷ್ಟರೊಳಗೆ ಆಚೆ ದಡ ಬಂದಿರುತ್ತದೆ. ಅದಕ್ಕೇ ಸಮುದ್ರದ ಕಡೆ ಬೋಳು ಮರಳಿನ ಪಟ್ಟಿ ಇರುವ ಅಗಲವಾದ ಭಾಗ ಹುಡುಕಬೇಕು.

ಜೂನ್ ಬಂದರೆ ಕರಾವಳಿ ಮುಚ್ಚಿದ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ನಾವೇನು ಮಹಾ. ನದಿಗಳಲ್ಲೂ ಕೆಂಪು ನೀರು, ತೇಲಿ ಬರುವ ಮರದ ದಿಮ್ಮಿ. ಆದರೆ ಅದೇ ತಿಂಗಳುಗಳಲ್ಲಿ ಘಟ್ಟದ ಮೇಲೆ, ಬಯಲುಸೀಮೆಯಲ್ಲಿ, ಗಾಳಿ ಹುಚ್ಚೆದ್ದು ಬೀಸುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದು ಸುಮ್ನೆ ಅಲ್ಲ. ಆ ಸೀಮೆಯ ಜಲಾಶಯಗಳನ್ನು ನೋಡಿದಾಗ, ಹಿರಿಯೂರು ಹತ್ತಿರದ ವಾಣಿ ವಿಲಾಸ ಸಾಗರವಾಗಲಿ, ಮಂಡ್ಯ ಮೈಸೂರಿನ ನಡುವಿನ ಕೆಆರ್‌ಎಸ್ ಹಿನ್ನೀರಾಗಲಿ, ಇಲ್ಲಿ ಹಾಯಿ ಯಾಕೆ ಅಪರೂಪ ಅಂತ ಅನ್ನಿಸುವುದು ಸಹಜ. ಎರಡು ಕಾರಣ. ಒಂದು, ಇವು ನೀರಾವರಿ ನಿಗಮಗಳ ಸುಪರ್ದಿಯಲ್ಲಿವೆ, ಅನುಮತಿ ಇಲ್ಲದೆ ಇಳಿಯುವಂತಿಲ್ಲ. ಇನ್ನೊಂದು, ಗಾಳಿ ಜೋರಾಗಿರುವ ಜೂನ್‌ನಲ್ಲಿ ಎಷ್ಟೋ ಸಲ ನೀರು ತಳ ಹಿಡಿದಿರುತ್ತದೆ. ಮುಳುಗಿದ ಮರದ ಬೊಡ್ಡೆ, ಹಳೆಯ ಗೋಡೆ, ಬದು ಎಲ್ಲ ಫಾಯಿಲ್‌ನ ಎತ್ತರದಲ್ಲೇ ಕಾದಿರುತ್ತವೆ. ಹಾಗಾಗಿ ಒಬ್ಬರೇ ಹೋಗಿ ಪ್ರಯೋಗ ಮಾಡುವ ಬದಲು ಯಾವುದಾದರೂ ಸೇಲಿಂಗ್ ಕ್ಲಬ್ ಮೂಲಕ ಹೋಗುವುದೇ ಸರಿ. ಬೆಂಗಳೂರಿನಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ (ಎಂಇಜಿ) ಸೇರಿದ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ. ಫಾಯಿಲ್ ಅಲ್ಲಿ ಸಿಗದಿದ್ದರೂ ಗಾಳಿ ಓದುವ ವಿದ್ಯೆ, ಜೊತೆಗೆ ಹೋಗುವ ಜನ ಸಿಗುತ್ತಾರೆ. ಬಿದ್ದಾಗ ಎತ್ತಿಕೊಂಡು ಬರಲು ದೋಣಿ ಇರುವುದು ಎಷ್ಟು ದೊಡ್ಡ ವಿಷಯ ಅಂತ ಗಾಳಿ ನಿಂತ ದಿನ ಗೊತ್ತಾಗುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿರುವ ಕನ್ನಡಿಗರ ಅದೃಷ್ಟವೇ ಬೇರೆ. ಒಳನಾಡಿನ ಕಣಿವೆ ಬೇಸಿಗೆಯಲ್ಲಿ 40 ಡಿಗ್ರಿಯವರೆಗೆ ಕಾಯುತ್ತದೆ, ಅದು ಸಮುದ್ರದ ತಣ್ಣನೆ ಗಾಳಿಯನ್ನು ಗೋಲ್ಡನ್ ಗೇಟ್ ಮೂಲಕ ಎಳೆದುಕೊಳ್ಳುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹೆಚ್ಚಿನ ಮಧ್ಯಾಹ್ನ ಗಾಳಿ ಗ್ಯಾರಂಟಿ. ಸ್ಯಾನ್ ಮಟೇಯೊದ ಕಯೋಟಿ ಪಾಯಿಂಟ್, ಫಾಸ್ಟರ್ ಸಿಟಿಯ ಥರ್ಡ್ ಅವೆನ್ಯೂ ಎರಡೂ ಆಫೀಸ್ ಮುಗಿಸಿ ಹೋಗಬಹುದಾದ ಜಾಗಗಳು. ಆದರೆ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಇಳಿತದ ವೇಳೆ ಕೆಸರಿನ ತಳ ಮೇಲೆ ಬರುತ್ತದೆ, ಹಾಗಾಗಿ ಟೈಡ್ ಪಟ್ಟಿ ನೋಡದೆ ಹೊರಡಬೇಡಿ. ಗೋಲ್ಡನ್ ಗೇಟ್ ಸೇತುವೆಯ ಹತ್ತಿರದ ಕ್ರಿಸ್ಸಿ ಫೀಲ್ಡ್ ಹೊಸಬರದ್ದಲ್ಲ. ಇಳಿತದ ಸೆಳವು ನೇರ ಪೆಸಿಫಿಕ್‌ಗೆ ಒಯ್ಯುತ್ತದೆ.

ಈಗ ಸಾಮಾನು

ಕಂಬದ ಉದ್ದ ಆಗಲೇ ಅರ್ಧ ತೀರ್ಮಾನವಾಗಿದೆ. ಅಳಿವೆಯ ಚಪ್ಪಟೆ ನೀರಿಗೆ 70–75 ಸೆಂ.ಮೀ. ಸಾಕು. ಆಳ ಕಡಿಮೆ ಬೇಕು, ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಅಲೆ ಇರುವ ತೆರೆದ ನೀರಿಗೆ 85. ಹೆಚ್ಚಿನ ಕಂಪನಿಗಳ ಫಾಯಿಲ್‌ಗಳಲ್ಲಿ ಕಂಬ, ರೆಕ್ಕೆ ಬೇರೆ ಬೇರೆಯಾಗಿ ಬದಲಿಸಬಹುದು, ಆದರೆ ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ. ಅಂದರೆ ನೀವು ಮೊದಲ ದಿನ ಆರಿಸುವುದು ಒಂದು ರೆಕ್ಕೆಯನ್ನಲ್ಲ, ಒಂದು ಕಂಪನಿಯ ಇಡೀ ಸಂಸಾರವನ್ನು. ಮುಂದೆ ಸಣ್ಣ ರೆಕ್ಕೆ, ಉದ್ದ ಕಂಬ ಸಿಗುತ್ತದಾ ಅಂತ ಈಗಲೇ ನೋಡಿ. ಅಲ್ಯೂಮಿನಿಯಂ ಕಂಬ ಭಾರ, ಅಗ್ಗ, ಗಟ್ಟಿ. ಕಾರ್ಬನ್ ಹಗುರ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಕಲಿಯುವವರಿಗೆ ಅಲ್ಯೂಮಿನಿಯಂ ಸಾಕು.

ಮುಂದಿನ ರೆಕ್ಕೆ: 75 ಕೆ.ಜಿ. ಆಸುಪಾಸಿನವರಿಗೆ 1500 ಚದರ ಸೆಂ.ಮೀ. ಒಳ್ಳೆಯ ಶುರು. 55 ಕೆ.ಜಿ. ಇದ್ದರೆ 1200, 90 ದಾಟಿದರೆ 1800ರಿಂದ 2000. ವಿಸ್ತೀರ್ಣ ನೋಡಿ ನಿಲ್ಲಬೇಡಿ, ಆಕಾರವನ್ನೂ ನೋಡಿ. ರೆಕ್ಕೆಯ ತುದಿಯಿಂದ ತುದಿಯ ಉದ್ದವನ್ನು ಅದರಿಂದಲೇ ಗುಣಿಸಿ ವಿಸ್ತೀರ್ಣದಿಂದ ಭಾಗಿಸಿ. ಇದೇ ಆಸ್ಪೆಕ್ಟ್ ರೇಶಿಯೊ. 95 ಸೆಂ.ಮೀ. ಉದ್ದ, 1500 ವಿಸ್ತೀರ್ಣ ಇದ್ದರೆ 6 ಬರುತ್ತದೆ. ಅದೇ ಉದ್ದ, 1000 ವಿಸ್ತೀರ್ಣ ಇದ್ದರೆ 9. ಉದ್ದ ಸಪೂರ ರೆಕ್ಕೆ ಚೆನ್ನಾಗಿ ಜಾರುತ್ತದೆ, ಆದರೆ ವೇಗ ಇಳಿದಾಗ ಹೇಳದೆ ಕೇಳದೆ ಕೈಕೊಡುತ್ತದೆ. 5–6ರ ದಪ್ಪ ರೆಕ್ಕೆ ನಿಮ್ಮ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಜಾಹೀರಾತಿನಲ್ಲಿ ಇರುವುದೆಲ್ಲ ಮೊದಲನೆಯ ಜಾತಿ.

ಬೋರ್ಡಿಗೆ ಕೇಳಬೇಕಾದ್ದು ಒಂದೇ ಮುಖ್ಯ ಪ್ರಶ್ನೆ: ಇದನ್ನು ಫಾಯಿಲ್‌ಗಾಗಿಯೇ ಕಟ್ಟಿದ್ದಾ? ಮನೆಯಲ್ಲಿರುವ ಹಳೆಯ ಬೋರ್ಡಿನ ಫಿನ್ ಜಾಗಕ್ಕೆ ಫಾಯಿಲ್ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಕಂಬ ಮುಕ್ಕಾಲು ಮೀಟರ್ ಉದ್ದ, ತುದಿಯಲ್ಲಿ ನಿಮ್ಮ ಪೂರ್ತಿ ಭಾರ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ ಅದು ಫಿನ್ ಪೆಟ್ಟಿಗೆಯನ್ನು ಮೀಟುತ್ತದೆ, ಪೆಟ್ಟಿಗೆ ಬಿರುಕು ಬಿಡುತ್ತದೆ, ನೀರು ಒಳಗೆ ಇಳಿಯುತ್ತದೆ. ಫಾಯಿಲ್ ಬೋರ್ಡುಗಳಲ್ಲಿ ಎರಡು ಬಗೆಯ ಜೋಡಣೆ ಇದೆ. ಬೋರ್ಡಿನ ಮೇಲಿಂದ ಎರಡು ಬೋಲ್ಟ್ ಬಿಗಿಯುವ ಡೀಪ್ ಟಟಲ್ ಒಂದು, ಕೆಳಗೆ ಎರಡು ಸಮಾನಾಂತರ ಹಳಿಗಳಿದ್ದು ಫಾಯಿಲನ್ನು ಹಿಂದೆಮುಂದೆ ಸರಿಸಬಹುದಾದದ್ದು ಇನ್ನೊಂದು. ಎರಡೂ ಚೆನ್ನಾಗಿವೆ. ಕೊಳ್ಳುವ ಕಂಬದ ತಲೆ ಯಾವುದಕ್ಕೆ ಹೊಂದುತ್ತದೆ ಅಂತ ಮೊದಲೇ ನೋಡಿದರೆ ಸಾಕು. ಅಳತೆಗೆ ನಿಮ್ಮ ತೂಕದ ಕೆ.ಜಿ.ಗೆ 50 ಸೇರಿಸಿ, ಅಷ್ಟು ಲೀಟರ್ ಗಾತ್ರದ ಬೋರ್ಡ್. ಅಗಲ 75–85 ಸೆಂ.ಮೀ. ಇರಲಿ.

ಹಾಯಿ ಕೊನೆಗೆ. ಫಿನ್ ಬೋರ್ಡಿಗೆ ಬಳಸುತ್ತಿದ್ದದ್ದಕ್ಕಿಂತ ಒಂದು ಒಂದೂವರೆ ಚದರ ಮೀಟರ್ ಚಿಕ್ಕದು. ನಿಮ್ಮಲ್ಲಿ 5ರಿಂದ 6ರ ನಡುವಿನ ಹಗುರ ಹಾಯಿ ಇದ್ದರೆ ಅದೇ ಸಾಕು, ಹೊಸದು ಬೇಡ. ಉಳಿದ ಹಣಕ್ಕೆ ಹೆಲ್ಮೆಟ್, ಪೆಟ್ಟು ತಡೆಯುವ ಜಾಕೆಟ್, ಮೀನಖಂಡ ಮುಚ್ಚುವ ಪ್ಯಾಂಟ್, ಶೂ ಕೊಳ್ಳಿ. ಇದು ಆಯ್ಕೆಯ ವಿಷಯವೇ ಅಲ್ಲ. ಅಂದಹಾಗೆ, ವಿಂಡ್‌ಸರ್ಫಿಂಗ್ ಒಂದು ದಿನವೂ ಮಾಡದವರು ಕೈಯಲ್ಲಿ ಹಿಡಿಯುವ, ಗಾಳಿ ತುಂಬುವ ವಿಂಗ್‌ನ ಫಾಯಿಲನ್ನು ನೋಡುವುದು ಒಳ್ಳೆಯದು. ಸಾಮಾನು ಕಡಿಮೆ, ಸಾಗಿಸುವುದೂ ಸುಲಭ.

ನಮ್ಮ ಕಡೆ ಇದೆಲ್ಲ ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್‌ನಲ್ಲೋ, ಹೊರದೇಶದಿಂದ ಬರುವವರ ಲಗೇಜಿನಲ್ಲೋ ಬರುತ್ತದೆ. ಹಳೆಯದನ್ನು ನೋಡುವಾಗ ಬೋರ್ಡನ್ನು ಮಗುಚಿ ಹಾಕಿ, ಫಾಯಿಲ್ ಜೋಡಿಸಿ, ರೆಕ್ಕೆ ಹಿಡಿದು ಅಲ್ಲಾಡಿಸಿ. ಬುಡದಲ್ಲಿ ಕಟಕ್ ಅಂದರೆ ಪೆಟ್ಟಿಗೆಯ ಸುತ್ತ ಕೂದಲೆಳೆಯ ಬಿರುಕು ಹುಡುಕಿ. ರೆಕ್ಕೆಯ ಹಿಂದಿನ ಅಂಚನ್ನು ಉಗುರಿನಿಂದ ಸವರಿ. ಅಲ್ಲಿ ಚಕ್ಕೆ ಎದ್ದಿದ್ದರೆ ನೀರಿನಲ್ಲಿ ಫಾಯಿಲ್ ಗುಂಯ್ ಅಂತ ಹಾಡುತ್ತದೆ, ನುಣ್ಣನೆ ಮರಳು ಕಾಗದದಿಂದ ಸರಿಮಾಡಬಹುದು. ಪ್ರತಿ ಸ್ಕ್ರೂ ಬಿಚ್ಚಿ ತೋರಿಸಲು ಹೇಳಿ. ಬಿಚ್ಚದಿದ್ದರೆ ಕೊಳ್ಳಬೇಡಿ. ಉಪ್ಪುನೀರಿನಲ್ಲಿ ಅಲ್ಯೂಮಿನಿಯಂಗೂ ಸ್ಟೀಲ್ ಸ್ಕ್ರೂಗೂ ಆಗಿಬರುವುದಿಲ್ಲ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ನಿಮ್ಮದಾದ ಮೇಲೂ ಅಷ್ಟೇ: ಮನೆಗೆ ಬಂದ ಸಂಜೆಯೇ ಪೂರ್ತಿ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಮತ್ತೆ ಜೋಡಿಸುವಾಗ ಸ್ಕ್ರೂಗಳಿಗೆ ತುಕ್ಕು ತಡೆಯುವ ಜೆಲ್ ಹಚ್ಚಿ. ಹೆಚ್ಚುವರಿ ಸ್ಕ್ರೂ, ಅದಕ್ಕೆ ಸರಿಯಾದ ಕೀ ಒಂದೊಂದು ಸೆಟ್ ಕಾರಿನಲ್ಲೇ ಇಟ್ಟುಬಿಡಿ. ಆ ಅಳತೆಯ ಸ್ಕ್ರೂ ಗಂಗೊಳ್ಳಿಯಲ್ಲೋ ಹೊನ್ನಾವರದಲ್ಲೋ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಸಿಗುವುದಿಲ್ಲ.